ಹಾರುವ ಮುನ್ನ

ಗಾಡಿ ಹೂಡುವ ಮುನ್ನ ಗಾಲಿಯ ಕಡಾಣಿಯನ್ನು ಮುಟ್ಟಿ ನೋಡುವ ವಾಡಿಕೆ ನಮ್ಮ ನಾಡಿಗೆ ಹೊಸದಲ್ಲ. ಚಿಕ್ಕ ವಿಮಾನದ ಚಾಲಕನೂ ಹಾಗೆಯೇ ವಿಮಾನವನ್ನು ಒಂದು ಸುತ್ತು ಬಂದು, ರೆಕ್ಕೆಗಳನ್ನೂ ಚಕ್ರಗಳನ್ನೂ ನೋಡಿ, ಪೆಟ್ರೋಲಿನಲ್ಲಿ ನೀರು ಬೆರೆತಿದೆಯೋ ಎಂದು ಪರೀಕ್ಷಿಸಿದ ಮೇಲೆಯೇ ಏರಿ ಕೂಡುವನು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ನೂರಾರು ಬಾರಿ ಹಾರಿದವನೂ ಕೈಯಲ್ಲೊಂದು ಪಟ್ಟಿಯನ್ನು ಹಿಡಿದು, ಶಾಲೆಯ ಹುಡುಗನಂತೆ ಒಂದೊಂದು ಸಾಲನ್ನೂ ಓದಿ ಓದಿ ನೋಡುವನಲ್ಲ, ಅದೇಕೆ? ಆ ಪಟ್ಟಿಯು ರೂಢಿಗೆ ಬಂದುದು ಒಂದು ದೊಡ್ಡ ವಿಮಾನದ ದೆಸೆಯಿಂದ.

ಅಮೆರಿಕದ ಸೈನ್ಯವು ಹೊಸ ಬಾಂಬರ್ ವಿಮಾನವೊಂದನ್ನು ಆರಿಸಿಕೊಳ್ಳಲು ಓಹಾಯೋ ಪ್ರಾಂತದ ಡೇಟನ್ ನಗರದ ಬಳಿಯ ರೈಟ್ ಫೀಲ್ಡಿನಲ್ಲಿ ಸ್ಪರ್ಧೆಯನ್ನು ಏರ್ಪಡಿಸಿತ್ತು. ಪ್ರತಿಸ್ಪರ್ಧಿಗಳ ವಿಮಾನಗಳಿಗೆ ಎರಡೆರಡು ಎಂಜಿನುಗಳಿದ್ದರೆ ಬೋಯಿಂಗ್ ಕಂಪೆನಿಯ 299ನೆಯ ಮಾದರಿಗೆ ನಾಲ್ಕು. 1935ನೆಯ ಅಕ್ಟೋಬರ್ 30ರಂದು ಅದನ್ನು ನಡೆಸಿದವನು ಮೇಜರ್ ಪ್ಲಾಯರ್ ಹಿಲ್ ಎಂಬ ನುರಿತ ವೈಮಾನಿಕ. ಆ ವಿಮಾನವನ್ನು ಮೊತ್ತಮೊದಲು ಹಾರಿಸಿದ್ದ ಲೆಸ್ಲಿ ಟವರನೂ ಜೊತೆಯಲ್ಲಿದ್ದನು. ವಿಮಾನವು ನೆಲವನ್ನು ಬಿಟ್ಟು ಕಡಿದಾಗಿ ಮೇಲೇರಿತು, ವೇಗಗುಂದಿ ಕೆಳಗುರುಳಿತು, ಉರಿದುಹೋಯಿತು. ಹಿಲ್ ಮಡಿದನು. ಟವರನೂ ಕೆಲವು ದಿನಗಳಲ್ಲಿ ತೀರಿಕೊಂಡನು.

ವಿಚಾರಣೆಯಲ್ಲಿ ಯಂತ್ರದೋಷವೇನೂ ಕಾಣಲಿಲ್ಲ. ವಿಮಾನವು ನಿಂತಿರುವಾಗ ಗಾಳಿಗೆ ಬಾಲದ ಫಲಕಗಳು ಬಡಿದಾಡದಂತೆ ಹಿಡಿದಿಡಲು ಒಂದು ಬೀಗವಿತ್ತು. ಅದನ್ನು ಸಡಿಲಿಸದೆಯೇ ಹೊರಟಿದ್ದರು! ಇದನ್ನು ಅಜ್ಞಾನವೆನ್ನುವಂತಿಲ್ಲ. ಬಲ್ಲವರು ಇಬ್ಬರು ಕುಳಿತಿದ್ದೂ ಬೀಗವು ಬೀಗವಾಗಿಯೇ ಉಳಿಯಿತು. ಇಬ್ಬರಿದ್ದುದರಿಂದಲೇ ಒಬ್ಬನು ನೋಡಿರಬಹುದೆಂದು ಮತ್ತೊಬ್ಬನು ನಂಬಿದನೋ ಏನೋ, ಹೇಳಬಲ್ಲವರಾರು?

ದೊಡ್ಡ ಬೇಡಿಕೆಯು ಡಗ್ಲಾಸ್ ಕಂಪೆನಿಯ ಪಾಲಾಯಿತು. ಬೋಯಿಂಗಿನಿಂದ ಸೈನ್ಯವು ಪ್ರಯೋಗಾರ್ಥವಾಗಿ 13 ವಿಮಾನಗಳನ್ನಷ್ಟೇ ತರಿಸಿತು. ಅವುಗಳನ್ನು ನಡೆಸಬೇಕಾದವರು ಹೆಚ್ಚಿನ ಜಾಣರನ್ನು ಹುಡುಕಲು ಹೋಗಲಿಲ್ಲ. ಹಾರುವ ಮುನ್ನ ಮತ್ತು ಇಳಿಯುವ ಮುನ್ನ ನೋಡಬೇಕಾದುದನ್ನು ಕಾಗದದ ಮೇಲೆ ಬರೆದಿಟ್ಟುಕೊಂಡರು. ಅಷ್ಟೇ. ಮುಂದೆ ಬಿ-17 ಎಂಬ ಹೆಸರಿನಿಂದ ಇದೇ ವಿಮಾನವು 12,731ರಷ್ಟು ನಿರ್ಮಾಣವಾಯಿತು.

ಆದರೂ ಪಟ್ಟಿಯನ್ನು ಬಾಯಲ್ಲಿ ಓದಿದ ಮಾತ್ರಕ್ಕೆ ಕಣ್ಣು ನೋಡಿದಂತಾಗದು. 1947ನೆಯ ಆಗಸ್ಟ್ 23ರಂದು ಇಂಗ್ಲೆಂಡಿನ ವುಡ್‌ಫರ್ಡಿನಲ್ಲಿ ಆವ್ರೋ ಟ್ಯೂಡರ್ ವಿಮಾನವೊಂದು ಏರುತ್ತಲೇ ಬಿದ್ದು ನಾಲ್ವರು ಸತ್ತರು. ಲ್ಯಾಂಕಾಸ್ಟರ್ ವಿಮಾನವನ್ನು ರೂಪಿಸಿದ ರಾಯ್ ಚಾಡ್‌ವಿಕ್ ಅವರಲ್ಲೊಬ್ಬನು. ಅಲ್ಲಿ ಬೀಗದ ತೊಡಕಿರಲಿಲ್ಲ. ರೆಕ್ಕೆಯಂಚಿನ ಫಲಕಗಳ ತಂತಿಗಳನ್ನು ಅದಲುಬದಲಾಗಿ ಜೋಡಿಸಿದ್ದರು. ಹಿಡಿಯು ಸರಾಗವಾಗಿ ತಿರುಗುತ್ತಿತ್ತು, ಆದರೆ ವಿಮಾನವು ವಾಲುತ್ತಿದ್ದುದು ವಿರುದ್ಧ ದಿಕ್ಕಿಗೆ.

ಆದಕಾರಣ ಚಿಕ್ಕ ವಿಮಾನದ ಚಾಲಕನಿಗೂ ಎರಡು ಪ್ರಶ್ನೆಗಳನ್ನು ಕಲಿಸುವರು: ಸರಾಗವಾಗಿ ಚಲಿಸುವುದೋ? ಸರಿಯಾದ ಕಡೆಗೆ ಚಲಿಸುವುದೋ? ಹಿಡಿಯನ್ನು ಎಡಕ್ಕೆ ವಾಲಿಸಿ, ಕತ್ತನ್ನು ಹೊರಳಿಸಿ, ಎಡರೆಕ್ಕೆಯ ಫಲಕವು ಮೇಲೆದ್ದುದನ್ನೂ ಬಲರೆಕ್ಕೆಯದು ಕೆಳಗಿಳಿದುದನ್ನೂ ಅವನು ಕಣ್ಣಾರೆ ಕಾಣಬೇಕು.