ಕರೆ ಬಾರದ ತಂಡ

ಆಟದ ಇತಿಹಾಸವೆಂದರೆ ಗೆದ್ದವರ ಪಟ್ಟಿ ಎಂಬ ಭಾವನೆ ನಮ್ಮಲ್ಲಿ ಸಾಮಾನ್ಯವಾಗಿದೆ. ಆದರೆ ಒಂದು ಸಮಾಜ ತನ್ನ ಪಂಕ್ತಿಯಲ್ಲಿ ಯಾರನ್ನು ಕೂರಿಸುತ್ತದೆ, ಯಾರನ್ನು ಬಾಗಿಲಾಚೆ ನಿಲ್ಲಿಸುತ್ತದೆ ಎಂಬುದೂ ಆಟದ ಮೈದಾನದಲ್ಲಿ ಕಾಣಸಿಗುತ್ತದೆ. ಇದಕ್ಕೆ ನಿದರ್ಶನವಾಗಿ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ 1951ರಲ್ಲಿ ಕಂಡ ಒಂದು ಋತುವಿನ ವೃತ್ತಾಂತವನ್ನು ತಮ್ಮ ಮುಂದಿಡಲು ಬಯಸುತ್ತೇನೆ.

ಅಮೆರಿಕನ್ನರು ಫುಟ್‌ಬಾಲ್ ಎಂದು ಕರೆಯುವುದು ನಾವು ಬಲ್ಲ ಕಾಲ್ಚೆಂಡಾಟವನ್ನಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತ, ಇಲ್ಲವೇ ಜೊತೆಗಾರನಿಗೆ ಎಸೆಯುತ್ತ, ಎದುರಾಳಿಗಳ ಕೊನೆಯ ಗೆರೆಯನ್ನು ದಾಟುವ ಆಟವದು. ಕಾಲೇಜು ತಂಡಗಳ ಋತು ಸೆಪ್ಟೆಂಬರಿನಲ್ಲಿ ತೊಡಗಿ ನವೆಂಬರ್ ಕೊನೆಗೆ ಮುಗಿಯುತ್ತಿತ್ತು. ಆ ಕಾಲದಲ್ಲಿ ಹಂತಹಂತವಾಗಿ ಗೆದ್ದು ಅಂತಿಮ ಪಂದ್ಯವನ್ನು ತಲುಪುವ ವ್ಯವಸ್ಥೆ ಇರಲಿಲ್ಲ. ಹೊಸ ವರ್ಷದ ಹೊತ್ತಿಗೆ ನಾಲ್ಕಾರು ನಗರಗಳಲ್ಲಿ ‘ಬೌಲ್’ ಎಂಬ ವಿಶೇಷ ಪಂದ್ಯಗಳು ನಡೆಯುತ್ತಿದ್ದವು. ಬಟ್ಟಲಿನಾಕಾರದ ಕ್ರೀಡಾಂಗಣದಿಂದ ಬಂದ ಹೆಸರದು. ಪ್ಯಾಸಡೀನದ ರೋಸ್ ಬೌಲ್, ಮಯಾಮಿಯ ಆರೆಂಜ್ ಬೌಲ್, ನ್ಯೂ ಆರ್ಲಿಯನ್ಸಿನ ಶುಗರ್ ಬೌಲ್, ಜಾಕ್ಸನ್‌ವಿಲ್‌ನ ಗೇಟರ್ ಬೌಲ್ ಇವುಗಳಲ್ಲಿ ಕೆಲವು. ಇವಕ್ಕೆ ಅರ್ಹತೆಯ ನಿಶ್ಚಿತ ಮೆಟ್ಟಿಲುಗಳಿರಲಿಲ್ಲ. ಹೆಚ್ಚಿನವುಗಳಲ್ಲಿ ಆಯಾ ಊರಿನ ಸಮಿತಿ ಕರೆದರೆ ಹೋಗಬೇಕು. ಕರೆಯದಿದ್ದರೆ ಎಷ್ಟು ಗೆದ್ದರೂ ಮನೆಯಲ್ಲಿರಬೇಕು.

ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯ 1855ರಲ್ಲಿ ಜೆಸ್ಯುಯಿಟ್ ಪಾದ್ರಿಗಳು ಸ್ಥಾಪಿಸಿದ ಚಿಕ್ಕ ಸಂಸ್ಥೆ. ಜೋ ಕುಹಾರಿಚ್ ತರಬೇತುದಾರರಾಗಿದ್ದ ಅದರ ತಂಡ 1951ರಲ್ಲಿ ಒಂಬತ್ತು ಪಂದ್ಯಗಳನ್ನಾಡಿ ಒಂಬತ್ತನ್ನೂ ಗೆದ್ದಿತು. ಓಟಗಾರ ಆಲೀ ಮ್ಯಾಟ್ಸನ್ ಆ ವರ್ಷ ಚೆಂಡು ಹಿಡಿದು ಕ್ರಮಿಸಿದ ದೂರ 1,566 ಗಜ. ಇಡೀ ದೇಶದಲ್ಲಿ ಅದೇ ಅತಿ ಹೆಚ್ಚಿನದು. ನ್ಯೂಯಾರ್ಕಿನಲ್ಲಿ ಫೋರ್ಡಮ್ ತಂಡದ ವಿರುದ್ಧ 32-26ರಿಂದ ಗೆದ್ದಾಗ, ಎದುರಾಳಿಗಳು ಒದ್ದು ಕಳಿಸಿದ ಚೆಂಡನ್ನು ಹಿಡಿದು ಆತ ಮೈದಾನವನ್ನೇ ಹಾಯ್ದು ಗೆರೆ ಮುಟ್ಟಿದ್ದು ಎರಡು ಬಾರಿ. ಎದುರಾಳಿಗಳನ್ನು ತಡೆದು ಕೆಡಹುವುದರಲ್ಲಿ ಬರ್ಲ್ ಟೋಲರ್ ಅಷ್ಟೇ ನಿಪುಣ. ಮ್ಯಾಟ್ಸನ್ ಹುಟ್ಟಿದ್ದು ಟೆಕ್ಸಾಸಿನಲ್ಲಿ, ಟೋಲರ್ ಟೆನೆಸಿಯ ಮೆಂಫಿಸಿನಲ್ಲಿ. ಇಬ್ಬರೂ ಕಪ್ಪು ಜನಾಂಗದವರು.

ತೊಡಕು ಬಂದದ್ದು ಇಲ್ಲಿಯೇ. ದಕ್ಷಿಣದ ಬೌಲ್ ಸಮಿತಿಗಳು ಕಪ್ಪು ಆಟಗಾರರಿದ್ದ ತಂಡಗಳನ್ನು ಕರೆಯಲು ಹಿಂಜರಿಯುತ್ತಿದ್ದವು. ಆ ಇಬ್ಬರನ್ನು ಊರಲ್ಲೇ ಬಿಟ್ಟು ಬರುವುದಾದರೆ ಆಹ್ವಾನ ಸಿಕ್ಕೀತು ಎಂಬ ಸೂಚನೆ ತಂಡಕ್ಕೆ ತಲುಪಿತು. ಆಟಗಾರರು ಮುಂದೆ ನೆನೆದುಕೊಂಡಿರುವಂತೆ, ಇದಕ್ಕೆ ಚರ್ಚೆಯಾಗಲಿ ಮತ ಎಣಿಕೆಯಾಗಲಿ ಬೇಕಾಗಲಿಲ್ಲ. ಹೋದರೆ ಎಲ್ಲರೂ, ಇಲ್ಲದಿದ್ದರೆ ಯಾರೂ ಇಲ್ಲ ಎಂಬುದೇ ಅವರ ಉತ್ತರವಾಯಿತು. ಆಹ್ವಾನ ಬರಲಿಲ್ಲ.

ಈ ತಂಡದ ಎದುರಾಳಿಗಳೇ ದುರ್ಬಲರಾಗಿದ್ದರು, ಆದ್ದರಿಂದ ಕರೆ ಬರಲಿಲ್ಲ ಎಂಬ ವಾದವೂ ಉಂಟು. ಇತಿಹಾಸವನ್ನು ನೋಡುವವರು ಇದನ್ನು ಒರೆಹಚ್ಚಲೇಬೇಕು. ಎದುರಾಳಿಗಳಲ್ಲಿ ಕೆಲವರು ಸಾಮಾನ್ಯರೇ ಆಗಿದ್ದುದು ನಿಜ. ಆದರೆ ಇದೇ ತಂಡದಿಂದ 47-14ರ ಅಂತರದಲ್ಲಿ ಸೋತ ಕಾಲೇಜ್ ಆಫ್ ದಿ ಪೆಸಿಫಿಕ್ ತಂಡಕ್ಕೆ ಆ ಹೊಸ ವರ್ಷ ಸನ್ ಬೌಲಿನಲ್ಲಿ ಆಡುವ ಕರೆ ಬಂತು. ಸೋತವರಿಗೆ ಎಲೆ ಹಾಕಿ, ಅವರನ್ನು ಸೋಲಿಸಿದವರನ್ನು ಮರೆತ ಈ ಸಂಗತಿಯನ್ನು ದೌರ್ಬಲ್ಯದ ವಾದವೊಂದರಿಂದಲೇ ವಿವರಿಸಲಾಗದು ಎಂದು ನನಗೆ ತೋರುತ್ತದೆ. ದಕ್ಷಿಣವೆಲ್ಲ ಒಂದೇ ಎನ್ನುವಂತೆಯೂ ಇಲ್ಲ. ಟೆಕ್ಸಾಸಿನ ಡಲ್ಲಾಸ್ ನಗರದ ಕಾಟನ್ ಬೌಲಿನಲ್ಲಿ 1948ರಲ್ಲೇ ಪೆನ್ ಸ್ಟೇಟ್ ತಂಡದ ಪರವಾಗಿ ಕಪ್ಪು ಆಟಗಾರರು ಆಡಿದ್ದರು. ಮನಸ್ಸಿದ್ದಲ್ಲಿ ದಾರಿಯಿತ್ತು ಎಂಬುದಕ್ಕೆ ಅದು ಸಾಕ್ಷಿ.

ನಿರಾಕರಣೆಗೆ ಬೆಲೆ ತೆರಬೇಕಾಯಿತು. ಫುಟ್‌ಬಾಲಿನ ಖರ್ಚನ್ನು ಹೊರಲಾರದೆ ವಿಶ್ವವಿದ್ಯಾಲಯ ಆಗಲೇ ಬಸವಳಿದಿತ್ತು. ಬೌಲ್ ಪಂದ್ಯದಿಂದ ಬರುವ ಹಣ ಒಂದು ಆಸರೆಯಾಗುತ್ತಿತ್ತು. ಋತು ಮುಗಿದ ಮೇಲೆ ಸಂಸ್ಥೆ ಆ ತಂಡವನ್ನೇ ವಿಸರ್ಜಿಸಿತು. ಒಂದೂ ಪಂದ್ಯ ಸೋಲದ ತಂಡ ಮರುವರ್ಷ ಇರಲೇ ಇಲ್ಲ.

ಆದರೆ ಆ ಯುವಕರು ಕಳೆದುಹೋಗಲಿಲ್ಲ. ಮ್ಯಾಟ್ಸನ್ 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ 400 ಮೀಟರ್ ಓಟದಲ್ಲಿ ಕಂಚು, ರಿಲೇಯಲ್ಲಿ ಬೆಳ್ಳಿ ಗೆದ್ದು ಬಂದ. ಆತ, ಗೀನೋ ಮಾರ್ಕೆಟಿ, ಬಾಬ್ ಸೇಂಟ್ ಕ್ಲೇರ್ ಈ ಮೂವರೂ ವೃತ್ತಿಪರ ಫುಟ್‌ಬಾಲಿನ ಕೀರ್ತಿಮಂದಿರದಲ್ಲಿ ಸ್ಥಾನ ಪಡೆದರು. ತಂಡದ ಪ್ರಚಾರದ ಕೆಲಸ ನೋಡಿಕೊಳ್ಳುತ್ತಿದ್ದ ಪೀಟ್ ರೋಜೆಲ್ 1960ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗಿನ ಮುಖ್ಯಾಧಿಕಾರಿಯಾಗಿ, 1989ರವರೆಗೆ ಅದನ್ನು ನಡೆಸಿದರು. ಆ ವಿಶ್ವವಿದ್ಯಾಲಯವೇ 1955 ಮತ್ತು 1956ರಲ್ಲಿ, ಬಿಲ್ ರಸೆಲ್ ಎಂಬ ಕಪ್ಪು ಆಟಗಾರನ ಬಲದಿಂದ, ಬಾಸ್ಕೆಟ್‌ಬಾಲಿನಲ್ಲಿ ದೇಶದ ಪ್ರಶಸ್ತಿಯನ್ನು ಗೆದ್ದಿತು.

ದಕ್ಷಿಣದ ಬಾಗಿಲು ತೆರೆದದ್ದು ನಿಧಾನವಾಗಿ, ಅದೂ ಕಿರುಗುಟ್ಟುತ್ತಲೇ. 1956ರ ಶುಗರ್ ಬೌಲಿನಲ್ಲಿ ಬಾಬಿ ಗ್ರಿಯರ್ ಎಂಬ ಕಪ್ಪು ಆಟಗಾರ ಆಡುವನೆಂದು ತಿಳಿದಾಗ, ಜಾರ್ಜಿಯಾದ ಗವರ್ನರರೇ ತಮ್ಮ ರಾಜ್ಯದ ತಂಡ ಆತನೆದುರು ಆಡಕೂಡದೆಂದು ಪಟ್ಟುಹಿಡಿದರು. ವಿದ್ಯಾರ್ಥಿಗಳು ಬೀದಿಗಿಳಿದು ಪ್ರತಿಭಟಿಸಿದರು; ಪಂದ್ಯ ನಡೆಯಿತು, ಗ್ರಿಯರ್ ಆಡಿದ. ಕಾಲೇಜು ಫುಟ್‌ಬಾಲಿನ ಅಗ್ರಶ್ರೇಣಿಯಲ್ಲಿ 2014ರ ಋತುವಿನಿಂದ ನಾಲ್ಕು ತಂಡಗಳ, 2024ರಿಂದ ಹನ್ನೆರಡು ತಂಡಗಳ ಅಂತಿಮ ಸುತ್ತು ಏರ್ಪಟ್ಟಿದೆ. ಒಂದು ಕಾಲಕ್ಕೆ ಬಣ್ಣ ನೋಡಿ ಕರೆಯುತ್ತಿದ್ದ ಆರೆಂಜ್ ಮತ್ತು ಶುಗರ್ ಬೌಲ್‌ಗಳೂ ಅದರ ಪಂದ್ಯಗಳಿಗೆ ಆತಿಥ್ಯ ನೀಡಿವೆ.

ಕೊನೆಯದಾಗಿ ಟೋಲರ್ ವಿಷಯ. 1952ರಲ್ಲಿ ಮೊಣಕಾಲಿಗೆ ಬಿದ್ದ ಪೆಟ್ಟಿನಿಂದ ಆತನ ಆಟ ವೃತ್ತಿಯಾಗುವ ಮೊದಲೇ ಮುಗಿಯಿತು. ಆತ ಅಧ್ಯಾಪಕನಾದ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶಾಲೆಯ ಮುಖ್ಯಸ್ಥನಾದ. 1965ರಲ್ಲಿ ರಾಷ್ಟ್ರೀಯ ಲೀಗಿನ ಮೊದಲ ಕಪ್ಪು ಪಂದ್ಯಾಧಿಕಾರಿಯಾಗಿ ಮೈದಾನಕ್ಕೆ ಮರಳಿದ. 1980ರಲ್ಲಿ ವೃತ್ತಿಪರ ಫುಟ್‌ಬಾಲಿನ ಅತ್ಯುನ್ನತ ಪಂದ್ಯವಾದ ಸೂಪರ್ ಬೌಲ್ ನಡೆದಾಗ ಅಧಿಕಾರಿಗಳ ಸಾಲಿನಲ್ಲಿ ಆತನೂ ನಿಂತಿದ್ದ. ಆ ಪಂದ್ಯ ನಡೆದದ್ದು ಪ್ಯಾಸಡೀನದ ರೋಸ್ ಬೌಲ್ ಅಂಗಣದಲ್ಲಿ. 1951ರ ನವೆಂಬರಿನಲ್ಲಿ ಲೊಯೋಲ ತಂಡವನ್ನು 20-2ರಿಂದ ಮಣಿಸಿ, ಆತನ ಕಾಲೇಜು ತಂಡ ತನ್ನ ಕೊನೆಯ ಪಂದ್ಯವನ್ನು ಗೆದ್ದದ್ದೂ ಅದೇ ಅಂಗಣದಲ್ಲಿ.