ಪೆಟ್ರೋಲಿನ ಅಂಟು ಮತ್ತು ಫೀನಾಲುಗಳು: ಒಂದು ಚಾರಿತ್ರಿಕ ಟಿಪ್ಪಣಿ

ಇಂಧನ ಕೆಡದಂತೆ ಕಾಯುವ ಫೀನಾಲುಗಳ ಚರಿತ್ರೆ ತೈಲ ಶುದ್ಧೀಕರಣಾಗಾರದಲ್ಲಿ ಆರಂಭವಾಗುವುದಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಫ್ರೆಂಚರು ವಿಷಾನಿಲವಾಗಿ ಬಳಸಿದ ಅಕ್ರೋಲಿನ್ ಶೇಖರಣೆಯಲ್ಲೇ ಗಟ್ಟಿಯಾಗಿ ನಿಷ್ಪ್ರಯೋಜಕವಾಗುತ್ತಿತ್ತು. ಹೈಡ್ರೋಕ್ವಿನೋನಿನಂಥ ಫೀನಾಲನ್ನು ಅತ್ಯಲ್ಪವಾಗಿ ಬೆರೆಸಿದರೂ ಅದು ಕೆಡುವುದಿಲ್ಲವೆಂದು ಶಾರ್ಲ್ ಮೂರೊ ಮತ್ತು ಶಾರ್ಲ್ ದ್ಯುಫ್ರೆಸ್ ಕಂಡುಕೊಂಡರು. 1922ರಿಂದ ಪ್ರಕಟವಾದ ಅವರ ಬರಹಗಳು ಇದನ್ನು ಉತ್ಕರ್ಷಣವನ್ನು ಕುರಿತ ಸಾಮಾನ್ಯ ನಿಯಮವಾಗಿ ಬೆಳೆಸಿದವು.

ತೈಲೋದ್ಯಮಕ್ಕೆ ಇದರ ಅಗತ್ಯ ಬಿದ್ದದ್ದು ಬೇರೆ ದಾರಿಯಿಂದ. ವಿಲಿಯಂ ಬರ್ಟನ್ನನ ವಿಧಾನ 1913ರಲ್ಲಿ ಬಳಕೆಗೆ ಬಂದ ಮೇಲೆ, ಭಾರವಾದ ಎಣ್ಣೆಯನ್ನು ಒತ್ತಡದಲ್ಲಿ ಕಾಯಿಸಿ ಒಡೆದು ಪೆಟ್ರೋಲ್ ತೆಗೆಯುವುದು ಅಮೆರಿಕದಲ್ಲಿ ಹಬ್ಬಿತು. ಈ ಪೆಟ್ರೋಲಿನಲ್ಲಿದ್ದ ಅಸಂತೃಪ್ತ ಹೈಡ್ರೋಕಾರ್ಬನ್ನುಗಳಾದ ಓಲಿಫಿನ್, ಡೈಓಲಿಫಿನ್‌ಗಳು ಗಾಳಿ ತಾಗಿದರೆ ಅಂಟಾಗಿ ಕಾರ್ಬ್ಯುರೇಟರು, ಕವಾಟಗಳಿಗೆ ಮೆತ್ತಿಕೊಳ್ಳುತ್ತಿದ್ದವು. ಗಂಧಕಾಮ್ಲದಿಂದ ತೊಳೆಯುವುದು ಆಗಿನ ಪರಿಹಾರ. ಆದರೆ ಆಮ್ಲ ಒಳ್ಳೆಯ ಪೆಟ್ರೋಲನ್ನೂ ತಿಂದುಹಾಕುತ್ತಿತ್ತು. ಜೊತೆಗೆ ನಡೆಯುತ್ತಿದ್ದ ಕ್ಷಾರದ ತೊಳೆತವಂತೂ ಪೆಟ್ರೋಲಿನಲ್ಲಿ ಸಹಜವಾಗಿಯೇ ಇದ್ದ ಕ್ರೆಸಾಲುಗಳನ್ನು, ಅಂದರೆ ಕಾಯಬಲ್ಲ ಫೀನಾಲುಗಳನ್ನೇ, ಹೊರಗೆಳೆಯುತ್ತಿತ್ತು! 1930ರ ದಶಕದ ಆರಂಭದಲ್ಲಿ ಯೂನಿವರ್ಸಲ್ ಆಯಿಲ್ ಪ್ರಾಡಕ್ಟ್ಸ್ ಸಂಸ್ಥೆಯ ಗುಸ್ತಾವ್ ಎಗ್ಲಾಫ್ ಮತ್ತು ಸಂಗಡಿಗರು ಅಂಟು ತಡೆಯಬಲ್ಲ ಹತ್ತಾರು ಸಂಯುಕ್ತಗಳನ್ನು ಹೋಲಿಸಿ ನೋಡಿದರು. ಮಾರುಕಟ್ಟೆಗೆ ಬಂದವುಗಳಲ್ಲಿ ಮರದ ಟಾರಿನಿಂದ ಬಟ್ಟಿ ಇಳಿಸಿದ ಅಗ್ಗದ ಫೀನಾಲು ಮಿಶ್ರಣವೂ ಒಂದು.

ಇಷ್ಟು ಕಡಿಮೆ ಪದಾರ್ಥ ಅಷ್ಟು ಇಂಧನವನ್ನು ಕಾಯುವುದಾದರೂ ಹೇಗೆ? ಉತ್ತರದ ಎಳೆಯನ್ನು ಡೆನ್ಮಾರ್ಕಿನ ರಸಾಯನಶಾಸ್ತ್ರಜ್ಞ ಕ್ರಿಸ್ಟಿಯಾನ್ಸೆನ್ 1924ರಲ್ಲಿ ಸೂಚಿಸಿದ್ದ. 1927ರಲ್ಲಿ ಇನ್ನೊಬ್ಬ ರಸಾಯನಶಾಸ್ತ್ರಜ್ಞ ಬ್ಯಾಕ್‌ಸ್ಟ್ರಾಮ್ ಅದಕ್ಕೆ ಪುರಾವೆ ಒದಗಿಸಿದ: ಒಂದೇ ಬೆಳಕಿನ ಕಣ ಸುಮಾರು 10,000 ಬೆಂಜಾಲ್ಡಿಹೈಡ್ ಅಣುಗಳನ್ನು ಉತ್ಕರ್ಷಿಸಬಲ್ಲುದು. ಎಂದರೆ ಇದು ಸರಪಳಿ ಕ್ರಿಯೆ. ಒಂದು ಕೊಂಡಿ ಕಡಿದರೆ ಮುಂದಿನ ಸಾವಿರಾರು ಹೆಜ್ಜೆಗಳು ನಿಲ್ಲುತ್ತವೆ. ಪೆರಾಕ್ಸಿ ರ‍್ಯಾಡಿಕಲ್ (ಸರಪಳಿಯನ್ನು ಮುನ್ನಡೆಸುವ ಚುರುಕು ಕಣ) ಇಂಧನದಿಂದ ಹೈಡ್ರೋಜನ್ ಕಸಿಯುವ ಮೊದಲೇ ಫೀನಾಲ್ ತನ್ನದನ್ನು ಕೊಟ್ಟುಬಿಡುತ್ತದೆ. ಉಳಿಯುವ ಫೀನಾಕ್ಸಿ ರ‍್ಯಾಡಿಕಲ್ ತೀರ ಮಂದ. ಅದು ಇಂಧನದ ತಂಟೆಗೆ ಹೋಗದೆ ಇನ್ನೊಂದು ಪೆರಾಕ್ಸಿಯನ್ನು ಹಿಡಿದು ಮುಗಿಸುತ್ತದೆ. ಹೀಗೆ ಒಂದು ಅಣು ಎರಡು ಸರಪಳಿಗಳನ್ನು ಕಡಿಯುತ್ತದೆ. ಫೀನಾಲ್ ತೀರಿದೊಡನೆ ಉತ್ಕರ್ಷಣ ತನ್ನ ಹಳೆಯ ವೇಗ ಹಿಡಿಯುತ್ತದೆ. ಆದ್ದರಿಂದ ಇದನ್ನು ತಡೆ ಎನ್ನುವುದಕ್ಕಿಂತ ಮುಂದೂಡಿಕೆ ಎನ್ನುವುದೇ ಸರಿ.

ಹೈಡ್ರೋಕ್ವಿನೋನ್, ಕ್ಯಾಟೆಕಾಲ್‌ಗಳ ದೋಷ ರಸಾಯನಶಾಸ್ತ್ರಕ್ಕಿಂತ ಟ್ಯಾಂಕಿಗೆ ಸಂಬಂಧಿಸಿದ್ದು. ತಳದಲ್ಲಿ ನಿಂತ ನೀರಿಗೆ ಅವು ಸುಲಭವಾಗಿ ಇಳಿದುಹೋಗುತ್ತವೆ. ಪ್ಯಾರಾ-ಕ್ರೆಸಾಲಿಗೆ ಐಸೋಬ್ಯೂಟಿಲೀನ್ ಸೇರಿಸಿ ಮಾಡುವ ಫೀನಾಲಾದ ಬಿಎಚ್‌ಟಿ ಎಣ್ಣೆಯಲ್ಲೇ ಉಳಿಯುತ್ತದೆ. ಎರಡನೆಯ ಮಹಾಯುದ್ಧದ ನಂತರ ಅಂಥ ಫೀನಾಲುಗಳು ಮೇಲುಗೈ ಪಡೆದದ್ದಕ್ಕೆ ಇದೂ ಒಂದು ಕಾರಣ.

ಜೆಟ್ ಇಂಧನದಲ್ಲಿ ಹಳೆಯ ಕಥೆಯೇ ಮರುಕಳಿಸಿತು. ಗಂಧಕ ತೆಗೆಯಲು ಹೈಡ್ರೋಜನ್ ಹಾಯಿಸಿದಾಗ ಸಹಜ ಫೀನಾಲುಗಳೂ ಹೋದವು. ಪೆರಾಕ್ಸೈಡುಗಳು ಬೆಳೆದು ಇಂಧನ ವ್ಯವಸ್ಥೆಯ ರಬ್ಬರನ್ನು ಕೆಡಿಸತೊಡಗಿದವು. ಬ್ರಿಟನ್ನಿನ ರಕ್ಷಣಾ ಮಾನದಂಡ ದೀರ್ಘಕಾಲ ಇಂಥ ಇಂಧನಕ್ಕೆ ಲೀಟರಿಗೆ 17ರಿಂದ 24 ಮಿಲಿಗ್ರಾಂ ಉತ್ಕರ್ಷಣ ನಿರೋಧಕವನ್ನು ಕಡ್ಡಾಯ ಮಾಡಿತ್ತು. ಅದನ್ನು ಸೇರಿಸಬೇಕಾದದ್ದು ಹೈಡ್ರೋಜನ್ ಸಂಸ್ಕರಣೆ ಮುಗಿದ ಕೂಡಲೇ, ಗಾಳಿ ತಾಗುವ ಮೊದಲು. ಒಮ್ಮೆ ಹುಟ್ಟಿದ ಪೆರಾಕ್ಸೈಡನ್ನು ಫೀನಾಲ್ ಅಳಿಸಲಾರದು.