ಕುರಿಗಳಿಗಾಗಿ ಖಾಲಿಯಾದ ಊರು

ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ವಾರಮ್ ಪರ್ಸಿ ಎಂಬ ಹಳ್ಳಿಯಿತ್ತು. ಅಲ್ಲಿದ್ದ ರೈತರ ಮನೆಗಳೆಲ್ಲ ಇಂದು ಹುಲ್ಲು ಬೆಳೆದ ದಿಬ್ಬಗಳಾಗಿವೆ. ಛಾವಣಿಯಿಲ್ಲದ ಸಂತ ಮಾರ್ಟಿನ್ ಚರ್ಚು ಮತ್ತು ಅದರ ಪಕ್ಕದ ಕೊಳ ಆ ಊರಿನ ಏಳುಬೀಳುಗಳಿಗೆ ಸಾಕ್ಷಿಯಾಗಿ ಉಳಿದಿವೆ.

12-13ನೇ ಶತಮಾನಗಳಲ್ಲಿ ಜನ ಹೆಚ್ಚಿದಂತೆ ಚರ್ಚಿನ ಇಕ್ಕೆಲಗಳಿಗೂ ಪಡಸಾಲೆಗಳನ್ನು ಸೇರಿಸಲಾಯಿತು. ಜನ ಕಡಿಮೆಯಾದಾಗ ಅವುಗಳನ್ನು ಕೆಡವಿ ಕಮಾನುಗಳನ್ನು ಕಲ್ಲಿನಿಂದ ಮುಚ್ಚಿದರು. ಆ ಗುರುತು ಗೋಡೆಯಲ್ಲಿ ಈಗಲೂ ಕಾಣುತ್ತದೆ. ಹಿಟ್ಟಿನ ಗಿರಣಿಗೆ ನೀರೊದಗಿಸುತ್ತಿದ್ದ ಕೊಳವೂ ಮುಂದೆ ಮೀನು ಸಾಕುವ ಕೊಳವಾಯಿತು.

ಈ ಊರು 14ನೇ ಶತಮಾನದ ಪ್ಲೇಗಿಗೆ ಬಲಿಯಾಯಿತೆಂದು ಅನೇಕರು ಭಾವಿಸುತ್ತಾರೆ. ವಾಸ್ತವ ಬೇರೆಯೇ ಇದೆ. ಪ್ಲೇಗಿನ ನಂತರವೂ ಜನ ಇಲ್ಲಿ ಬೇಸಾಯ ಮಾಡಿಕೊಂಡು ಬದುಕಿದ್ದರು. ಆದರೆ ಉಳುಮೆಗಿಂತ ಕುರಿಗಳ ಉಣ್ಣೆಯಲ್ಲಿ ಹೆಚ್ಚು ಲಾಭ ಕಂಡ ಭೂಮಾಲೀಕರು 1500ರ ಸುಮಾರಿಗೆ ಕೊನೆಯ ಕುಟುಂಬಗಳನ್ನೂ ಒಕ್ಕಲೆಬ್ಬಿಸಿದರು.

ಊರೇ ಇಲ್ಲದಿದ್ದರೂ ನೆರೆಹಳ್ಳಿಯವರಿಂದಾಗಿ ಚರ್ಚು ಉಳಿಯಿತು. ಕೊನೆಯ ಪ್ರಾರ್ಥನೆ ನಡೆದದ್ದು 1949ರಲ್ಲಿ. ಮರುವರ್ಷದಿಂದ 1990ರವರೆಗೆ ಮಾರಿಸ್ ಬೆರೆಸ್‌ಫರ್ಡ್ ಮತ್ತು ಜಾನ್ ಹರ್ಸ್ಟ್ ನೇತೃತ್ವದಲ್ಲಿ ಉತ್ಖನನ ನಡೆಯಿತು. ಅವರು ಹುಡುಕಿದ್ದು ಅರಸರ ನಿಧಿಯನ್ನಲ್ಲ, ರೈತರ ಮನೆಗಳ ಅಡಿಪಾಯವನ್ನು. ಇತಿಹಾಸದ ಪುಟಗಳಲ್ಲಿ ಹೆಸರಿಲ್ಲದವರ ಬದುಕು ಹೀಗೆ ಬೆಳಕಿಗೆ ಬಂತು.

ಮಹಾಮಾರಿಯನ್ನು ದಾಟಿ ಉಳಿದ ಊರು ಲಾಭದ ಲೆಕ್ಕಾಚಾರದ ಮುಂದೆ ಉಳಿಯಲಿಲ್ಲ ಎಂಬುದನ್ನು ನಾವು ಮರೆಯಬಾರದು.